ಮಗುಚಿ ಬಿದ್ದ ಟ್ಯಾಕ್ಸಿಯ ಎಡ ಬಲ

ಸರ್ವೇಯರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ನನ್ನ ಹಳೆಯ ಆಫೀಸಿನವರು ಕೇಳಿ ನಾಲ್ಕು ತಿಂಗಳಾಯಿತು. ಹೋದ ವರ್ಷ ಕೇಳಿದ್ದರೆ ಒಂದೇ ವಾರದಲ್ಲಿ ಬರೆದು ಬಿಸಾಕುತ್ತಿದ್ದೆ. ಈಗ ಕೂತರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ರಿಟೈರ್ ಆದ ಮೇಲೆ ಮತ್ತೆ ಹಿಡಿದ ಮಾಡೆಲ್ ಕಾರು ಕಟ್ಟುವ ಹುಚ್ಚಿನಿಂದಲೇ ಶುರು ಮಾಡುತ್ತೇನೆ. ಕೆಲಸದ ಬಗ್ಗೆ ಬರೆಯಿರಿ ಎಂದರೆ ಮುದುಕ ಆಟದ ಸಾಮಾನಿನ ಬಗ್ಗೆ ಬರೆದಿದ್ದಾನೆ ಎಂದು ನಗಬೇಡಿ. ಎರಡೂ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ, ನನಗೇ ಬಿಡಿಸಲು ಬರುತ್ತಿಲ್ಲ.

ಚಾಮರಾಜಪೇಟೆಯಲ್ಲಿ ನಾನು ಹುಡುಗನಾಗಿದ್ದಾಗ ಸಾಮಾನಿನ ಪೆಟ್ಟಿಗೆಯ ಹಲಗೆ ಕೆತ್ತಿ, ಸೋಡಾ ಬಾಟಲಿಯ ಮುಚ್ಚಳವನ್ನು ಚಕ್ರ ಮಾಡಿ ಕಾರು ಕಟ್ಟುತ್ತಿದ್ದೆ. ಕಾಲೇಜಿಗೆ ಹೋಗುವಾಗ ನಮ್ಮ ಸೋದರಮಾವ ಎಲ್ಲಿಂದಲೋ ಬಿಡಿಭಾಗ ಜೋಡಿಸಿ ಕಾರು ಕಟ್ಟುವ ಪ್ಲಾಸ್ಟಿಕ್ ಕಿಟ್ ತಂದುಕೊಟ್ಟರು. ಅಂಥವು ನಾಲ್ಕು ಕಟ್ಟಿದೆ. ವಿಮಾ ಕಂಪನಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಅದು ನಿಂತೇಹೋಯಿತು. ಹಗಲೆಲ್ಲ ಜಜ್ಜಿಹೋದ ಕಾರು ನೋಡಿ ಬಂದವನಿಗೆ ಸಂಜೆ ಪುಟಾಣಿ ಕಾರು ಅಂಟಿಸುವ ಮನಸ್ಸು ಎಲ್ಲಿಂದ ಬರಬೇಕು?

ಮೂರು ವರ್ಷದ ಹಿಂದೆ ವೈಯಾಲಿಕಾವಲ್ಲಿನ ನಮ್ಮ ಮನೆಯ ಅಟ್ಟ ಗುಡಿಸುವಾಗ ನನ್ನ ಹೆಂಡತಿ ವಿಮಲಾಗೆ ಆ ಹಳೆಯ ಕಿಟ್‌ಗಳ ಡಬ್ಬಿ ಸಿಕ್ಕಿತು. "ಬೆಳಗಿಂದ ಸಂಜೆವರೆಗೂ ಪೇಪರ್ ತಿರುವಿಹಾಕ್ತಾ ನನ್ ತಲೆ ತಿನ್ನೋ ಬದ್ಲು ಇದನ್ನಾದ್ರೂ ಮಾಡ್ರೀ" ಎಂದಳು. ಸರಿ ಎಂದು ಹೊಸ ಕಿಟ್ ಒಂದು ತರಿಸಿದೆ. ಯಾವುದೋ ವಿದೇಶದ ಕಾರು, ಸ್ಟೇರಿಂಗ್ ಎಡಗಡೆ. ಅದರ ಜೊತೆಗೆ ಬಂದ ಹಾಳೆಯಲ್ಲಿ ಮಾತಿಲ್ಲ, ಬರೀ ಚಿತ್ರ. ಅರ್ಧ ಚಿತ್ರಗಳಲ್ಲಿ ಕಾರು ನೆಟ್ಟಗಿದೆ, ಅರ್ಧದಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿದೆ. ಹದಿನೈದು ದಿನ ಒದ್ದಾಡಿ ಮುಗಿಸಿ ವಿಮಲಾಗೆ ತೋರಿಸಿದೆ.

"ಏನ್ರೀ ಇದು, ಎರಡು ಕನ್ನಡೀನೂ ಒಂದೇ ಕಡೆ ಅಂಟ್ಸಿದೀರಲ್ಲ?"

"ಹಾಳೇಲಿ ಹಂಗೇ ಇದೆ ಕಣೇ."

"ಹಾಳೆ ಉಲ್ಟಾ ಹಿಡ್ಕೊಂಡಿದೀರಿ."

ಮೂವತ್ತೈದು ವರ್ಷ ಕಾರುಗಳ ಎಡ ಬಲ ಬರೆದು ಸಂಬಳ ತಿಂದವನು ನಾನು. ನಗು ಬಂತು ನಿಜ, ಆದರೆ ಎಲ್ಲೋ ಒಂದು ಕಡೆ ಚುಚ್ಚಿತು ಕೂಡ.

ಈಗ ಆ ಸಂಬಳದ ವಿಷಯ. ಸರ್ವೇಯರ್ ಎಂದರೆ ಜನ ಸೈಟು ಅಳೆಯುವವನು ಎಂದುಕೊಳ್ಳುತ್ತಾರೆ. ಮದುವೆ ಮನೆಗಳಲ್ಲಿ ಎಷ್ಟು ಜನ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಮೂವತ್ತು ನಲವತ್ತು ಸೈಟಿನ ಗಡಿ ತಕರಾರು ಹೇಳಿಕೊಂಡಿದ್ದಾರೋ ಲೆಕ್ಕವಿಲ್ಲ. ನಮ್ಮದು ಬೇರೆ ಸರ್ವೆ. ಎಲ್ಲಾದರೂ ಗಾಡಿ ಗುದ್ದಿಕೊಂಡರೆ ವಿಮಾ ಕಂಪನಿಯ ಪರವಾಗಿ ಹೋಗಿ ನೋಡಿ, ಎಲ್ಲಿ ಪೆಟ್ಟಾಗಿದೆ, ಹೇಗೆ ಆಗಿರಬಹುದು, ಡ್ರೈವರ್ ಹೇಳುವುದಕ್ಕೂ ಗಾಡಿಗೆ ಆಗಿರುವುದಕ್ಕೂ ಹೊಂದುತ್ತದೆಯೇ ಎಂದು ವರದಿ ಬರೆಯುವುದು. ನಾನು ಸೇರಿದಾಗ ಒಂದು ನೋಟ್‌ಬುಕ್, ಒಂದು ಟೇಪು, ಒಂದು ಸೀಮೆಸುಣ್ಣ ಕೊಡುತ್ತಿದ್ದರು. ಆಫೀಸಿಗೆಲ್ಲ ಒಂದೇ ಕ್ಯಾಮೆರಾ, ಅದನ್ನಿಟ್ಟ ಬೀರುವಿನ ಬೀಗದ ಕೈ ನಮ್ಮ ಸಾಹೇಬರ ಜೇಬಿನಲ್ಲಿ. ಹಾಗಾಗಿ ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುವುದೇ ಪದ್ಧತಿ. ಈಗಿನವರು ಫೋನಿನಲ್ಲಿ ಇಪ್ಪತ್ತು ಫೋಟೋ ಹೊಡೆದು ಗಾಡಿಯ ಹತ್ತಿರದಿಂದಲೇ ಕಳಿಸುತ್ತೀರಿ. ನಿಮ್ಮ ಆ್ಯಪಿನಲ್ಲಿ ಕಾರಿನ ಚಿತ್ರವೇ ಬರುತ್ತದೆಯಂತೆ, ಪೆಟ್ಟಾದ ಜಾಗ ಮುಟ್ಟಿದರೆ ಸಾಕಂತೆ. ಪುಣ್ಯವಂತರು ನೀವು.

ನಮ್ಮ ಸಾಹೇಬರ ಹೆಸರು ನಂಜುಂಡಯ್ಯ ಎಂದಿಟ್ಟುಕೊಳ್ಳಿ. ಮುಂಗೋಪಿ, ಆದರೆ ಕೆಲಸ ಕಲಿಸುವುದರಲ್ಲಿ ಎತ್ತಿದ ಕೈ. ಹೊಸದಾಗಿ ಸೇರಿದವರನ್ನು ಆಫೀಸಿನ ಕುರ್ಚಿಯಲ್ಲಿ ಕೂರಿಸಿ, ಗಾಳಿಯಲ್ಲಿ ಸ್ಟೇರಿಂಗ್ ಹಿಡಿಸುತ್ತಿದ್ದರು. "ಎಡ ಬಲ ಅಂದ್ರೆ ನಿನ್ನ ಎಡ ಬಲ ಅಲ್ಲಯ್ಯಾ. ಮೊದ್ಲು ಗಾಡಿ ಒಳಗೆ ಡ್ರೈವರ್ ಆಗಿ ಕೂತ್ಕೋ, ಆಮೇಲೆ ಬರಿ. ಎದುರಿಗೆ ನಿಂತ್ಕೊಂಡು ಬರೆದ್ಯೋ, ಎಲ್ಲಾ ತಿರುಗುಮುರುಗು." ಕ್ಲಾರ್ಕುಗಳು ಮುಸಿಮುಸಿ ನಗುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ಗಂಭೀರವಾಗಿ ಗಾಳಿಯಲ್ಲಿ ಗೇರು ಬದಲಾಯಿಸಿದ್ದೂ ಇದೆ.

ಆಯುಧಪೂಜೆ ಮುಗಿದ ಮಾರನೆಯ ದಿನ ನಮಗೆ ಕೈತುಂಬ ಕೆಲಸ. ಬಸವನಗುಡಿಯ ಒಬ್ಬರು ಹೊಸ ಕಾರು ತಂದು ದೇವಸ್ಥಾನದ ಮುಂದೆ ನಿಲ್ಲಿಸಿದ್ದರು. ಡ್ರೈವಿಂಗ್ ಇನ್ನೂ ಕಲಿಯುತ್ತಿದ್ದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ನಿಧಾನವಾಗಿ ಮುಂದೆ ಬಿಡಿ ಎಂದು ಅರ್ಚಕರು ಹೇಳಿದ್ದಾರೆ. ಇವರು ಯಾವುದನ್ನು ಒತ್ತಿದರೋ, ಕಾರು ನಿಂಬೆಹಣ್ಣನ್ನೂ ಅಪ್ಪಚ್ಚಿ ಮಾಡಿ, ಜಗಲಿಯನ್ನೂ ಅರ್ಧ ಹತ್ತಿ ನಿಂತಿತು. ಅರ್ಚಕರು ಆರತಿ ತಟ್ಟೆ ಸಮೇತ ಅದಕ್ಕಿಂತ ಮೊದಲೇ ಜಗಲಿ ಹತ್ತಿಬಿಟ್ಟಿದ್ದರು. ವರದಿಯಲ್ಲಿ 'ಅಪಘಾತಕ್ಕೆ ಕಾರಣ' ಎಂಬ ಕಡೆ ಏನು ಬರೆಯಬೇಕೋ ತಿಳಿಯದೆ 'ಪೂಜೆ' ಎಂದು ಬರೆದೆ. ನಂಜುಂಡಯ್ಯನವರು ಆ ಕಾಗದವನ್ನು ಇಡೀ ಆಫೀಸಿಗೆ ಓದಿ ಹೇಳಿದರು.

ಮಲ್ಲೇಶ್ವರದ ಮತ್ತೊಬ್ಬರ ಕಾರಿನ ವೈರುಗಳನ್ನು ಇಲಿ ಕಡಿದಿತ್ತು. ಅವರು ಸತ್ತ ಇಲಿಯನ್ನೇ ಪೇಪರಿನಲ್ಲಿ ಸುತ್ತಿ ಸಾಕ್ಷಿಗೆಂದು ಆಫೀಸಿಗೆ ತಂದುಬಿಟ್ಟರು. ಇಂಥವು ಬೇಕಾದಷ್ಟಿವೆ, ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ನಾನು ಹೇಳಬೇಕಾದದ್ದು ಟ್ಯಾಕ್ಸಿಯ ಕೇಸು. ಹೊಸಬರಿಗೆ ಪಾಠ ಮಾಡುವಾಗಲೆಲ್ಲ ನಾನು ಅದನ್ನೇ ಮೊದಲು ಹೇಳುತ್ತಿದ್ದೆ. ಹೇಗೆ ಹೇಳುತ್ತಿದ್ದೆನೋ ಹಾಗೇ ಒಮ್ಮೆ ಹೇಳಿಬಿಡುತ್ತೇನೆ.

ಮಾಮೂಲ್‌ಪೇಟೆಯಲ್ಲಿ ಬೀಗ, ಚಿಲಕ, ಮೊಳೆಗಳ ಅಂಗಡಿ ಇಟ್ಟಿದ್ದ ರುದ್ರಪ್ಪ ಎಂಬುವರು ತಮ್ಮನಿಗೆ ಒಂದು ದಾರಿಯಾಗಲಿ ಎಂದು ಹಳದಿ ಟಾಪಿನ ಟ್ಯಾಕ್ಸಿ ಕೊಡಿಸಿದ್ದರು. ತಮ್ಮ ಬಸವರಾಜುವೇ ಓಡಿಸುತ್ತಿದ್ದ. ಒಂದು ದಿನ ಊರಾಚೆ ಬಾಡಿಗೆ ಮುಗಿಸಿ ಖಾಲಿ ಗಾಡಿ ತರುವಾಗ ಟ್ಯಾಕ್ಸಿ ರಸ್ತೆಯ ಎಡಕ್ಕೆ ಹಳ್ಳಕ್ಕಿಳಿದು ಮಗುಚಿ ಬಿತ್ತು. ಹಿಂದಿನಿಂದ ಬಂದ ಲಾರಿ ಬಲಗಡೆಗೆ ಉಜ್ಜಿ ನೂಕಿಬಿಟ್ಟಿತು ಎಂದು ಬಸವರಾಜು ಹೇಳಿಕೆ ಕೊಟ್ಟ. ನಾನು ಸ್ಥಳಕ್ಕೆ ಹೋಗಿ ನೋಡಿದರೆ ಪೆಟ್ಟೆಲ್ಲ ಎಡಗಡೆ. ಬಲಗಡೆ ನುಣ್ಣಗಿದೆ. ಅಂದರೆ ಲಾರಿಯೂ ಇಲ್ಲ, ಗೀರಿಯೂ ಇಲ್ಲ. ಮಹಾಶಯ ನಿದ್ದೆಗಣ್ಣಿನಲ್ಲಿ ಎಡಕ್ಕೆ ವಾಲಿ, ಕಲ್ಲಿಗೆ ಗುದ್ದಿ, ಆಮೇಲೆ ಲಾರಿಯ ಕಥೆ ಕಟ್ಟಿದ್ದಾನೆ. ಹೇಳಿಕೆ ಸುಳ್ಳು ಎಂದು ವರದಿ ಬರೆದೆ. ಕಂಪನಿ ಪರಿಹಾರ ಕೊಡಲಿಲ್ಲ.

ಅಣ್ಣ ತಮ್ಮ ಇಬ್ಬರೂ ಆಫೀಸಿಗೆ ಬಂದರು. ಬಸವರಾಜು ನನ್ನ ಮೇಜು ಹಿಡಿದುಕೊಂಡು, "ಲಾರಿ ಉಜ್ಜಿದ್ದು ಸತ್ಯ ಸಾರ್, ನಮ್ಮವ್ವನಾಣೆ" ಎಂದ. ನಾನು ಕುರ್ಚಿಗೆ ಒರಗಿ, "ನೋಡಪ್ಪಾ, ಮನುಷ್ಯ ಸುಳ್ಳು ಹೇಳ್ಬೋದು, ಕಾರು ಹೇಳಲ್ಲ" ಎಂದೆ. ರುದ್ರಪ್ಪ ನನ್ನ ಎದುರಿಗೇ ತಮ್ಮನ ಕೆನ್ನೆಗೆ ಬಾರಿಸಿದರು. ಹುಡುಗ ಮೆಟ್ಟಿಲಿಳಿದು ಹೋದ. ನಂಜುಂಡಯ್ಯನವರು ಆ ಸಂಜೆ ತಮ್ಮ ಫ್ಲಾಸ್ಕಿನ ಕಾಫಿಯನ್ನು ನನಗೆ ಬಗ್ಗಿಸಿಕೊಟ್ಟರು. ಅದನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ.

ಹೇಳಿಕೆಯನ್ನು ಪೆಟ್ಟಿನ ಜೊತೆ ತಾಳೆ ನೋಡಿ ಎಂದು ಎಷ್ಟೋ ಜನಕ್ಕೆ ಈ ಕಥೆ ಹೇಳಿದ್ದೇನೆ. ಕೇಳಿದವರಲ್ಲಿ ಕೆಲವರು ಈಗ ನಿಮ್ಮ ಸಾಹೇಬರಾಗಿದ್ದಾರೆ.

ಇನ್ನು ನಾನು ಹೇಳದೆ ಬಿಡುತ್ತಿದ್ದದ್ದು. ಅವತ್ತು ನಾನು ಹೋದಾಗ ಟ್ಯಾಕ್ಸಿ ಹಳ್ಳದಲ್ಲಿ ಚಕ್ರ ಮೇಲೆ ಮಾಡಿ ಬಿದ್ದಿತ್ತು. ಟಾಪು ಜಜ್ಜಿ ಕಿಟಕಿಗಳು ಕೆಸರಿನಲ್ಲಿ ಹೂತಿದ್ದವು, ಒಳಗೆ ಸ್ಟೇರಿಂಗ್ ಯಾವ ಕಡೆ ಇದೆ ಎಂದು ಕಾಣುತ್ತಿರಲಿಲ್ಲ. ಮಂಡಿಯೂರಿ ಕೈಯಲ್ಲಿ ಕೆಸರು ಸರಿಸಿದ್ದರೆ ಕಾಣುತ್ತಿತ್ತು. ನಾನು ಅವತ್ತು ನಾದಿನಿಯ ಮದುವೆಗೆಂದು ಹೊಲಿಸಿದ್ದ ಪ್ಯಾಂಟು ಹಾಕಿಕೊಂಡಿದ್ದೆ. ಹಿಂದುಗಡೆ ನಿಂತು ಚಿತ್ರ ಬರೆದುಕೊಂಡು, ಪಕ್ಕದಲ್ಲಿ 'ಎಡ' ಎಂದು ಬರೆದು ಬಸ್ಸು ಹತ್ತಿದೆ. ಆಮೇಲೆ ಕ್ರೇನಿನವರು ಸರಪಳಿ ಹಾಕಿ ಎಳೆದಾಡಿ, ಗ್ಯಾರೇಜಿಗೆ ಬರುವ ಹೊತ್ತಿಗೆ ಎರಡೂ ಕಡೆ ನಜ್ಜುಗುಜ್ಜಾಗಿತ್ತು. ಹಾಗಾಗಿ ನನ್ನ ನೋಟ್‌ಬುಕ್ಕಿನ ಮಾತೇ ಕೊನೆಯ ಮಾತಾಯಿತು.

ಆ ನೋಟ್‌ಬುಕ್ ಮತ್ತೆ ತೆಗೆದದ್ದು ಹೋದ ಶ್ರಾವಣದಲ್ಲಿ. ವಿದೇಶದ ಕಿಟ್‌ಗಳ ಸಹವಾಸ ಸಾಕಾಗಿ, ನಮ್ಮೂರಿನಲ್ಲಿ ಓಡಾಡುತ್ತಿದ್ದ ಆ ಗುಂಡು ಬೆನ್ನಿನ ಟ್ಯಾಕ್ಸಿಯನ್ನೇ ರಟ್ಟು ಮತ್ತು ತೆಳು ಹಲಗೆಯಲ್ಲಿ ಕಟ್ಟೋಣ ಎಂದು ಹೊರಟಿದ್ದೆ. ಅಳತೆಗಳೆಲ್ಲ ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿದ್ದವು. ಸೈಲೆನ್ಸರ್ ಪೈಪನ್ನು ತಂತಿಯಲ್ಲಿ ಮಾಡಿ ಕಾರಿನ ಅಡಿಗೆ, ನಿಜವಾದ ಟ್ಯಾಕ್ಸಿಯಲ್ಲಿದ್ದ ಹಾಗೆ ಎಡಗಡೆಗೆ, ಅಂಟಿಸಿ, ಒಣಗಲಿ ಎಂದು ಕಾರನ್ನು ಬಟ್ಟಲಿನ ಮೇಲೆ ಮಗುಚಿಟ್ಟೆ. ಅದರ ಹಿಂಭಾಗ ನನ್ನ ಕಡೆಗಿತ್ತು. ಪೈಪಿನ ಉದ್ದ ಸರಿಯಾಗಿದೆಯೇ ಎಂದು ನೋಡಲು ಪುಟ ತಿರುಗಿಸಿದರೆ ಅದೇ ಹಳ್ಳದ ಚಿತ್ರ ಬಂತು. ಚಿತ್ರದಲ್ಲಿಯೂ ಕಾರು ಮಗುಚಿದೆ, ಹಿಂಭಾಗ ನನ್ನ ಕಡೆಗಿದೆ. ಎರಡರಲ್ಲೂ ಪೈಪು ನನ್ನ ಬಲಗೈ ಕಡೆ.

ಎಡಗಡೆ ಅಂಟಿಸಿದ ಪೈಪು ಬಲಗೈ ಕಡೆ ಹೇಗೆ ಬಂತು ಎಂದು ತಬ್ಬಿಬ್ಬಾದೆ. ಕಾರು ಎತ್ತಿ ನೆಟ್ಟಗೆ ಮಾಡಿದೆ, ಪೈಪು ಎಡಕ್ಕೆ ಹೋಯಿತು. ಮಗುಚಿದೆ, ಬಲಕ್ಕೆ ಬಂತು. ವಿಮಲಾಳನ್ನು ಕೂಗಿದೆ.

"ಇದು ಯಾವ ಕಡೆ ಹೇಳು."

"ಯಾವ ಕಡೆ ಅಂದ್ರೆ? ನನ್ ಕಡೆಯಿಂದನಾ, ನಿಮ್ ಕಡೆಯಿಂದನಾ?"

"ಕಾರಿನ ಕಡೆಯಿಂದ."

"ಕಾರನ್ನೇ ಕೇಳಿ ಹಂಗಾದ್ರೆ. ಸಾರು ಉಕ್ತಿದೆ" ಎಂದು ಹೊರಟಳು.

ಅವಳ ಹಣೆಬೊಟ್ಟಿನ ಹಾಳೆಯಿಂದ ಒಂದು ಬಿಂದಿ ಕಿತ್ತು, ಚಿತ್ರದಲ್ಲಿ ಪೆಟ್ಟಿನ ಗುರುತು ಎಲ್ಲಿದೆಯೋ ಅಲ್ಲಿ, ಮಗುಚಿದ ಕಾರಿನ ಬಾಗಿಲಿಗೆ ಅಂಟಿಸಿದೆ. ಅದು ನನ್ನ ಎಡಗೈ ಕಡೆಯ ಬಾಗಿಲು. ಆಮೇಲೆ ಕಾರನ್ನು ನೆಟ್ಟಗೆ ತಿರುಗಿಸಿದೆ. ಬಿಂದಿ ಬಲಗಡೆ ಇತ್ತು. ಡ್ರೈವರ್ ಕೂರುವ ಕಡೆ.

ಅವತ್ತು ನಾನು ಕಾರಿನೊಳಗೆ ಕೂತು ಬರೆದಿರಲಿಲ್ಲ. ಮಗುಚಿದ ಕಾರಿನ ಹಿಂದೆ ನಿಂತು, ನನ್ನ ಎಡಗೈ ಯಾವ ಕಡೆ ಇತ್ತೋ ಅದನ್ನೇ ಕಾರಿನ ಎಡ ಎಂದು ಬರೆದಿದ್ದೆ. ಬಸವರಾಜು ನಿಜ ಹೇಳಿದ್ದ.

ಅದಾದ ಮೇಲೆ ಎರಡು ತಿಂಗಳು ನನಗೆ ದಿಕ್ಕೇ ತೋಚಲಿಲ್ಲ. ಒಮ್ಮೊಮ್ಮೆ ಚಿತ್ರವನ್ನೇ ತಪ್ಪಾಗಿ ಬರೆದಿರಬಹುದು, ನನ್ನ ತೀರ್ಮಾನ ಸರಿಯಿತ್ತು ಎನ್ನಿಸುತ್ತಿತ್ತು. ಮತ್ತೆ ಬಿಂದಿ ಅಂಟಿಸಿ ತಿರುಗಿಸುತ್ತಿದ್ದೆ. ಆಫೀಸಿಗೆ ಹೋಗಿ ಕೇಳಿದರೆ ಆ ಕಾಲದ ಫೈಲುಗಳೇ ಇಲ್ಲ, ಯಾವಾಗಲೋ ರದ್ದಿಗೆ ಹೋಗಿವೆಯಂತೆ. ನಂಜುಂಡಯ್ಯನವರೂ ಇಲ್ಲ. ವಿಮಲಾ ಒಂದು ದಿನ "ಹೋಗಿ ಹೇಳಿ ಬನ್ನಿ, ಎದೆ ಹಗುರಾಗತ್ತೆ" ಎಂದಳು. ಇನ್ನೊಂದು ದಿನ ಅವಳೇ "ಈಗ ಹೇಳಿ ಏನ್ ಉಪಯೋಗಾರೀ? ಹಗುರಾಗೋದು ನಿಮ್ ಎದೆ, ಭಾರ ಅವ್ರಿಗೆ" ಎಂದಳು. ಎರಡೂ ನನಗೆ ಸರಿಯೆನ್ನಿಸಿತು. ಒಂದು ಸಲ ಮಾಮೂಲ್‌ಪೇಟೆಗೆ ಹೋಗಿ, ಅಂಗಡಿಯ ಮುಂದೆ ನಿಂತು, ಗಲ್ಲಾದಲ್ಲಿ ರುದ್ರಪ್ಪನವರನ್ನು ಕಂಡು, ಬಾಯಿ ಬಾರದೆ ಒಂದು ಚಿಲಕ ಕೊಂಡು ವಾಪಸು ಬಂದೆ. ಆ ಚಿಲಕ ಹಾಕಲು ನಮ್ಮ ಮನೆಯಲ್ಲಿ ಬಾಗಿಲೇ ಇರಲಿಲ್ಲ.

ಎರಡನೆಯ ಸಲ ಪುಟಾಣಿ ಟ್ಯಾಕ್ಸಿಯನ್ನೂ ನೋಟ್‌ಬುಕ್ಕನ್ನೂ ಚಪ್ಪಲಿ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ರುದ್ರಪ್ಪನವರಿಗೆ ಎಪ್ಪತ್ತೈದು ದಾಟಿದೆ. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ.

"ಬನ್ನಿ ಸಾರ್. ಚಿಲಕ ಸರಿ ಹೋಗ್ಲಿಲ್ವಾ?"

ನಾನು ಯಾರೆಂದು ಹೇಳಿದೆ. ಅವರ ಮುಖದಲ್ಲಿದ್ದ ವ್ಯಾಪಾರದ ನಗು ನಿಂತುಹೋಯಿತು. "ಕಾರು ಸುಳ್ಳು ಹೇಳಲ್ಲ ಅಂದ್ರಲ್ಲ, ಅವ್ರಾ" ಎಂದರು. ಮೊಳೆ ತೂಗುವ ತಕ್ಕಡಿಯ ಪಕ್ಕದಲ್ಲಿ ಟ್ಯಾಕ್ಸಿಯನ್ನು ಮಗುಚಿಟ್ಟು, ಚಿತ್ರ ತೋರಿಸಿ, ಬಿಂದಿ ತೋರಿಸಿ, ಕಾರು ತಿರುಗಿಸಿ ಎಲ್ಲ ವಿವರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಅವರೇ ಕಾರು ಕೈಗೆ ತೆಗೆದುಕೊಂಡು ಮಗುಚಿದರು, ಎತ್ತಿದರು, ಮಗುಚಿದರು.

"ಹಂಗಾದ್ರೆ ಲಾರಿ ಇತ್ತು."

"ಇತ್ತು ಅನ್ಸುತ್ತೆ. ತಪ್ಪು ನಂದು ರುದ್ರಪ್ಪನವರೇ."

"ಅವ್ನು ಅವತ್ತೇ ಮನೆ ಬಿಟ್ಟ ಸಾರ್. ಆಮೇಲೆ ಸ್ಟೇರಿಂಗೇ ಮುಟ್ಲಿಲ್ಲ. ಯಾವ್ದೋ ಪ್ರೆಸ್ಸಲ್ಲಿ ಪೇಪರ್ ಕಟ್ ಮಾಡೋ ಕೆಲ್ಸಕ್ಕೆ ಸೇರ್ಕೊಂಡ. ನಮ್ಮವ್ವ ಹೋದಾಗ ಬಂದಿದ್ದ, ನಾನು ಮಾತಾಡಿಸ್ಲಿಲ್ಲ. ಸುಳ್ಳ ಅಂದ್ಕೊಂಡಿದ್ದೆ." ಕಾರನ್ನು ತಕ್ಕಡಿಯ ಪಕ್ಕಕ್ಕಿಟ್ಟು ಅಂದರು, "ನೀವ್ ಬರೆದಿದ್ದನ್ನ ನಂಬಿಬಿಟ್ಟೆ, ಒಡಹುಟ್ಟಿದವನ ಮಾತು ನಂಬ್ಲಿಲ್ಲ ನೋಡಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು. ಅವರು ಎದ್ದು, ಹಾಡಹಗಲೇ ಅಂಗಡಿಯ ಶಟರು ಎಳೆದರು.

"ನಡೀರಿ ಸಾರ್, ತ್ಯಾಗರಾಜನಗರದಲ್ಲಿದಾನೆ. ನನಗೆ ಇದನ್ನ ಸರಿಯಾಗಿ ಹೇಳಕ್ಕೆ ಬರಲ್ಲ, ನೀವೇ ಹೇಳ್ಬೇಕು."

ಆಟೋ ಹತ್ತಿದೆವು. ಡಬ್ಬಿ ಅವರ ತೊಡೆಯ ಮೇಲಿತ್ತು. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಆಗಲೂ ನನಗೆ ಗೊತ್ತಿರಲಿಲ್ಲ. ಹೊಸಬರು ನನ್ನನ್ನು ಕೇಳಬಹುದು, ಇಂಥ ಸಂದರ್ಭದಲ್ಲಿ ಸರ್ವೇಯರ್ ಏನು ಮಾಡಬೇಕು ಎಂದು. ನನಗೆ ಗೊತ್ತಿಲ್ಲ. ಗಾಡಿ ಮಗುಚಿ ಬಿದ್ದಿದ್ದರೆ ಪ್ಯಾಂಟು ಹಾಳಾದರೂ ಚಿಂತೆಯಿಲ್ಲ, ಮಂಡಿಯೂರಿ ಸ್ಟೇರಿಂಗ್ ಹುಡುಕಿ ಎಂದಷ್ಟೇ ಹೇಳಬಲ್ಲೆ. ನಾನು ಪಾಠ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಟ್ಯಾಕ್ಸಿಯ ಕಥೆಯನ್ನು ನಾನು ಹೇಳಿದ ಹಾಗೆ ಇನ್ನು ಮುಂದೆ ಯಾರಿಗೂ ಹೇಳಬೇಡಿ.

ಚಿಕ್ಕ ಮನೆ. ಬಸವರಾಜುವೇ ಬಾಗಿಲು ತೆಗೆದ. ತೆಗೆದರು ಎನ್ನಬೇಕು, ಅವರಿಗೂ ಅರವತ್ತಾಗಿದೆ, ಮೇಜಿನ ಮುಂದೆ ನಿಂತಿದ್ದ ಆ ಹುಡುಗ ನನ್ನ ತಲೆಯಿಂದ ಹೋಗುತ್ತಿಲ್ಲ ಅಷ್ಟೆ. ಅಣ್ಣನನ್ನು ನೋಡಿ ಗರ ಬಡಿದವರಂತೆ ನಿಂತರು. ರುದ್ರಪ್ಪ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಹೇಳಿ ಸಾರ್" ಎಂದರು. ಜಗಲಿಯ ಮೇಲೆ ಕಾರಿಟ್ಟು, ಚಿತ್ರ ಬಿಚ್ಚಿ, ಮೂರನೆಯ ಸಲ ಹೇಳಿದೆ. ಮಧ್ಯದಲ್ಲಿ ಬಿಂದಿ ಉದುರಿತು, ಹುಡುಕಿ ಮತ್ತೆ ಅಂಟಿಸಿದೆ. ತಪ್ಪು ನನ್ನದು, ಕ್ಷಮಿಸಿ ಎಂದೆ.

ಬಸವರಾಜು ಬಗ್ಗಿ ಕಾರನ್ನು ನೋಡಿದರು. ಸಿಟ್ಟಾಗುತ್ತಾರೋ ಅಳುತ್ತಾರೋ ತಿಳಿಯದೆ ನಾನು ಕಾಯುತ್ತಿದ್ದೆ.

"ಖಂಡಿತನಾ ಸಾರ್? ಇನ್ನೊಂದ್ಸಲ ನೋಡಿ" ಎಂದರು.

ಇನ್ನೊಂದು ಸಲ ನೋಡಿದೆ. ಅವರ ಎದುರಿಗೇ ಮಗುಚಿದೆ, ಎತ್ತಿದೆ. "ಖಂಡಿತ. ಬಲಗಡೆ."

"ಅಲ್ಲ, ಯಾಕೆ ಕೇಳ್ದೆ ಅಂದ್ರೆ..." ಎಂದು ಜಗಲಿಯ ಅಂಚಿನಲ್ಲಿ ಕೂತರು. "ಒಂದೆರಡು ವರ್ಷ ಲಾರಿ ನೆನಪಿತ್ತು ನಂಗೆ, ಅದರ ಬಣ್ಣ ಸಮೇತ. ಆಮೇಲೆ ಎಲ್ರೂ ಎಡಗಡೆ ಎಡಗಡೆ ಅಂದು ಅಂದು, ನಂಗೇ ಅನುಮಾನ ಬಂದ್ಬಿಡ್ತು. ಓದಿದೋರು, ಅಳತೆ ತಗೊಂಡೋರು, ಅವರ್ಯಾಕೆ ತಪ್ಪು ಬರೀತಾರೆ ಅಂತ. ನಿದ್ದೆ ಮಾಡಿರ್ಬೇಕು, ಲಾರಿ ಕನಸಲ್ಲಿ ಬಂದಿರ್ಬೇಕು ಅಂದ್ಕೊಂಡೆ. ಮದ್ವೆ ಆದಾಗ ಇವ್ಳಿಗೂ ಹಂಗೇ ಹೇಳಿದೀನಿ. ನಾನು ನಿದ್ದೆ ಮಾಡಿ ಅಣ್ಣನ ಗಾಡಿ ಹಾಳು ಮಾಡ್ದೋನು ಅಂತ."

ರುದ್ರಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದರು. ಬಸವರಾಜು ಕಾರನ್ನು ಎರಡೂ ಕೈಯಲ್ಲಿ ಹಿಡಿದು, ಮಗುಚದೆ, ನೆಟ್ಟಗೇ ಎತ್ತಿಕೊಂಡು ಒಳಗೆ ತಿರುಗಿ ಕೂಗಿದರು.

"ಏಯ್, ಬಾ ಇಲ್ಲಿ. ನಮ್ಮಣ್ಣ ಬಂದವ್ನೆ. ಅವತ್ತು ನಾನು ನಿದ್ದೆ ಮಾಡಿರ್ಲಿಲ್ವಂತೆ ಕಣೇ."